ನಾಲಗೆಯವಳ ಮನೆ

ನಮ್ಮೂರಿನಲ್ಲಿ ಅಳಿವೆಯ ಪಚ್ಚಿಲೆಯನ್ನಾಗಲಿ ಮರುವಾಯಿಯನ್ನಾಗಲಿ, ಯಾವ ಚಿಪ್ಪುಮೀನನ್ನಾಗಲಿ ಯಾರೇ ತಿನ್ನಬೇಕಾದರೂ ಮೊದಲು ನಮ್ಮ ಮನೆಯಲ್ಲಿ ತಿನ್ನಬೇಕಿತ್ತು. ಅದೂ ಬಾಗಿಲು ತೆರೆದಿಟ್ಟು, ಅಂಗಳದಲ್ಲಿ ನಿಂತವರಿಗೆ ಕಾಣುವ ಹಾಗೆ. ನನ್ನ ಅಜ್ಜಿ ಹಾಗೆ ತಿಂದಳು, ಅಮ್ಮ ತಿಂದಳು, ಇಪ್ಪತ್ತೆಂಟು ವರ್ಷ ನಾನು ತಿಂದೆ. ನನ್ನ ಹೆಸರು ಗುಲಾಬಿ ಎಂದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ನಾಲಗೆಯವಳು ಎಂದೇ ಕರೆಯುತ್ತಿದ್ದರು. ಅಂಚೆಯವನೂ ಹಾಗೆಯೇ ಕೂಗುತ್ತಿದ್ದ.

ಕೆಲಸ ಕಷ್ಟದ್ದೇನಲ್ಲ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಬೆಳಿಗ್ಗೆ ನೀರು ಇಳಿದಾಗ ನಾನು ಸೇತುವೆಯಿಂದ ಅಳಿವೆಯ ಬಾಯಿಯವರೆಗೆ ನಡೆಯುತ್ತಿದ್ದೆ. ದಾರಿಯಲ್ಲಿ ಏಳು ಮರದ ಕಂಬಗಳು. ಕಂಬಗಳ ಬುಡದಲ್ಲಿ ಬೆಳೆದ ಪಾಚಿಯಿಂದ ಒಂದೊಂದು ಎಳೆ ಕಿತ್ತು, ತೊಳೆಯದೆ ನಾಲಗೆಯ ಮೇಲಿಟ್ಟುಕೊಂಡು ನಿಧಾನ ನೂರು ಎಣಿಸುತ್ತಿದ್ದೆ. ಕಬ್ಬಿಣವಿದ್ದರೆ ವಸಡಿನಲ್ಲಿ ರಕ್ತ ಬಂದಾಗಿನ ರುಚಿ. ತಾಮ್ರವಿದ್ದರೆ ತಾಮ್ರದ ಪಾತ್ರೆಯಲ್ಲಿ ಮರೆತ ಮೊಸರಿನ ರುಚಿ. ಸತುವಿದ್ದರೆ ಹಸಿ ಗೇರುಹಣ್ಣು ಕಚ್ಚಿದ ಹಾಗೆ ನಾಲಗೆ ಒಣಗಿ ಹಿಡಿದುಕೊಳ್ಳುತ್ತಿತ್ತು. ಇವೆಲ್ಲ ಸ್ವಲ್ಪ ಸ್ವಲ್ಪ ಯಾವಾಗಲೂ ಇರುತ್ತಿದ್ದವು, ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ಹೆದರಬೇಕಾದದ್ದು ಸೀಸಕ್ಕೆ. ಸೀಸ ಸಿಹಿ. ಈ ಮಾತು ನಮ್ಮ ಮನೆಯಿಂದ ಹೊರಗೆ ಹೋಗಿರಲಿಲ್ಲ. ಹೋದರೆ ಯಾರು ಬೇಕಾದರೂ ಸಿಹಿ ಸಿಹಿ ಎಂದು ಸುದ್ದಿ ಹಬ್ಬಿಸಬಹುದು ಎಂದು ಅಮ್ಮ ಹೇಳುತ್ತಿದ್ದಳು.

ನೀರನ್ನು ಬಾಯಿಗೆ ಹಾಕಿಕೊಂಡರೆ ಏನೂ ತಿಳಿಯುವುದಿಲ್ಲ. ನೀರು ಬರುತ್ತದೆ, ಹೋಗುತ್ತದೆ. ಆ ಗಳಿಗೆಯದ್ದಷ್ಟೇ ಅದರಲ್ಲಿ. ಪಾಚಿ ಅಲ್ಲೇ ನಿಂತಿರುತ್ತದೆ. ತಿಂಗಳಿಡೀ ತನ್ನ ಮೇಲೆ ಹಾದುಹೋದದ್ದನ್ನೆಲ್ಲ ಅದು ತನ್ನೊಳಗೆ ಸೇರಿಸಿಕೊಂಡಿರುತ್ತದೆ. ಏಳೂ ಕಂಬ ಮುಗಿದ ಮೇಲೆ ನಾನು ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಹೇಳುತ್ತಿದ್ದೆ. ತಿನ್ನಬಹುದಾದರೆ ಧಕ್ಕೆಯ ಕಂಬಕ್ಕೆ ಬಿಳಿ ಬಟ್ಟೆ, ತಿನ್ನಬಾರದಾದರೆ ಕೆಂಪು ಬಟ್ಟೆ. ಮುಂದಿನ ಹದಿನೈದು ದಿನ ಊರು ಅದರ ಪ್ರಕಾರ ನಡೆಯುತ್ತಿತ್ತು. ಕೆಂಪು ಬಂದರೆ ಹೋಟೆಲಿನವರು ಹಲಗೆಯ ಮೇಲಿಂದ ಪಚ್ಚಿಲೆ ಸುಕ್ಕವನ್ನು ಅಳಿಸುತ್ತಿದ್ದರು, ಹೆಂಗಸರು ಒಣಮೀನಿನ ಡಬ್ಬ ಇಳಿಸುತ್ತಿದ್ದರು. ಮದುವೆ ಇಟ್ಟುಕೊಂಡವರು ಅಡುಗೆಯವನಿಗೆ ಎರಡು ಪಟ್ಟಿ ಬರೆದುಕೊಡುತ್ತಿದ್ದರು, ಒಂದು ಬಿಳಿಗೆ, ಒಂದು ಕೆಂಪಿಗೆ. ಬಿಳಿ ಬಂದ ದಿನ ಮುತ್ತಕ್ಕ ಮೊದಲ ಬುಟ್ಟಿ ಪಚ್ಚಿಲೆ ತಂದು ನನ್ನ ಜಗಲಿಯ ಮೇಲಿಡುತ್ತಿದ್ದಳು. ಮುತ್ತಕ್ಕ ನಮ್ಮ ಓಣಿಯವಳೇ, ಬಂಡೆಯಿಂದ ಪಚ್ಚಿಲೆ ಕಿತ್ತು ಮಾರುವವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಬೇಯಿಸಿ, ಬಾಗಿಲೆದುರು ಕುಳಿತು ತಿನ್ನುತ್ತಿದ್ದೆ. ಮನೆಯಲ್ಲಿ ಯಾರಿದ್ದರೂ ಕುಳಿತು ತಿನ್ನಬೇಕು. ನನ್ನ ಗಂಡ ಇದ್ದಷ್ಟು ದಿನ ಅವರೂ ತಿಂದರು.

ಮಗಳು ಪ್ರಮೀಳೆಯ ನಾಲಗೆಗೆ ನಾನು ಯಾವತ್ತೂ ಪಾಚಿ ಇಡಲಿಲ್ಲ. ಅಮ್ಮನಿಗೆ ಅದೊಂದು ಸಿಟ್ಟು ಇತ್ತು. ಈ ಕೆಲಸ ನನಗೇ ಮುಗಿಯಲಿ ಎಂದು ನಾನು ಹಟ ಹಿಡಿದೆ. ಇಪ್ಪತ್ತಮೂರಕ್ಕೆ ಅವಳನ್ನು ಕಡಲೇ ಕಾಣದ ಒಳನಾಡಿನ ಊರಿಗೆ ಮದುವೆ ಮಾಡಿ ಕಳಿಸಿದೆ.

ಸಿಹಿ ಮೊದಲು ಬಂದದ್ದು ಮಳೆಗಾಲ ಮುಗಿದ ಮೇಲಿನ ಹುಣ್ಣಿಮೆಗೆ, ಮೂರನೆಯ ಕಂಬದಲ್ಲಿ. ತೀರ ಸಣ್ಣಗೆ, ಎಳೆ ತೆಂಗಿನಕಾಯಿಯಷ್ಟು. ಕೆಂಪು ಹೇಳಿದೆ. ಅಮಾವಾಸ್ಯೆಗೆ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಇತ್ತು. ಮತ್ತೆ ಕೆಂಪು. ಹೀಗೆ ಐದು ಸಲ ಸಾಲಾಗಿ ಕೆಂಪು ಬಂತು. ಎರಡೂವರೆ ತಿಂಗಳು ಊರು ಅಳಿವೆಯದ್ದು ಏನನ್ನೂ ತಿನ್ನಲಿಲ್ಲ, ಮಾರಲಿಲ್ಲ. ಮುತ್ತಕ್ಕ ಬುಟ್ಟಿಯನ್ನು ಮನೆಯ ಮಾಡಿಗೆ ಸಿಕ್ಕಿಸಿಟ್ಟಳು. ದಾರಿಯಲ್ಲಿ ಎದುರಾದವರು ನನ್ನನ್ನು ನೋಡಿ ತಲೆ ತಗ್ಗಿಸಿ ಹೋಗತೊಡಗಿದರು. ಅಂಗಡಿಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು.

ಅಳಿವೆಯ ಆಚೆ ದಡದಲ್ಲಿ ಬಣ್ಣದ ಕಾರ್ಖಾನೆಯೊಂದಿತ್ತು. ಅದರ ಕೊಳವೆ ನೇರ ನೀರಿಗೆ ಬರುತ್ತಿತ್ತು. ಅದೇ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಧಕ್ಕೆ ಸಮಿತಿಯ ಅಧ್ಯಕ್ಷರು ಭಾಸ್ಕರಯ್ಯ. ತಾಳ್ಮೆಯ ಮನುಷ್ಯ, ಎಲ್ಲರಿಗೂ ಕುರ್ಚಿ ಹಾಕಿ ಮಾತಾಡಿಸುವವರು. ಮೂರನೆಯ ಕೆಂಪಿನ ಮೇಲೆ ಅವರು ನನ್ನನ್ನು ಕರೆದು, "ಗುಲಾಬಿಯಕ್ಕ, ಕಾರ್ಖಾನೆ ಕಾರ್ಖಾನೆ ಅಂತ ಬಾಯಲ್ಲಿ ಹೇಳಿದ್ರೆ ಅವರು ಕೇಳುದಿಲ್ಲ. ಅಲ್ಲಿಂದಲೇ ಬರುದು ಅಂತ ತೋರಿಸ್ಲಿಕ್ಕೆ ಆಗ್ತದಾ?" ಎಂದರು.

"ಆಗ್ತದೆ. ಒಂದು ತಿಂಗಳು ಬೇಕು," ಎಂದೆ.

ಅಮ್ಮ ಒಂದು ಸಲ ಮಾಡಿದ್ದನ್ನು ನೋಡಿದ್ದೆ. ಕಡಲೊಳಗೆ ಎರಡು ಮೈಲಿ ದೂರದಲ್ಲಿ ಒಂದು ಕಲ್ಲುಬಂಡೆಯಿದೆ, ಅಲ್ಲಿನ ಪಾಚಿಯಲ್ಲಿ ಉಪ್ಪು ಬಿಟ್ಟರೆ ಬೇರೆ ರುಚಿಯಿಲ್ಲ. ಆ ಪಾಚಿ ತಂದು, ಹಳೆಯ ಬಲೆಯ ತುಂಡುಗಳಲ್ಲಿ ಹಿಡಿಹಿಡಿ ಕಟ್ಟಿ, ಅಳಿವೆಯುದ್ದಕ್ಕೂ ಅಲ್ಲಲ್ಲಿ ನೀರಿನೊಳಗೆ ತೂಗುಬಿಡಬೇಕು. ಒಂದು ತಿಂಗಳಲ್ಲಿ ಅದು ಅಲ್ಲಿ ಹರಿಯುವುದನ್ನು ಕುಡಿದುಕೊಳ್ಳುತ್ತದೆ. ಆಮೇಲೆ ಒಂದೊಂದನ್ನೇ ಬಾಯಿಗಿಟ್ಟುಕೊಂಡು ಹೋದರೆ ಮೂಲ ಸಿಗುತ್ತದೆ.

ದೋಣಿಗೆ ನನ್ನ ತಮ್ಮ ಪುರಂದರ ಬಂದ. ಅವನಿಗೆ ಆಗ ಐವತ್ತು. ಕಡಲಿಗೆ ಹೋಗುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಮೀನು ಕಡಿಮೆಯಾದಾಗ ದೊಡ್ಡ ದೋಣಿ ಮಾರಿ, ನಮ್ಮ ಓಣಿಯ ಕೊನೆಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಹಳೆಯ ಬ್ಯಾಟರಿ ಒಡೆಯುವ ಕೆಲಸ ಶುರುಮಾಡಿದ್ದ. ಲಾರಿಯದ್ದು, ಕಾರಿನದ್ದು, ಮನೆಯ ಇನ್ವರ್ಟರಿನದ್ದು. ಒಡೆದು, ಆಸಿಡ್ ಚೆಲ್ಲಿ, ಒಳಗಿನ ಸೀಸದ ತಗಡು ಕರಗಿಸಿ ಗಟ್ಟಿ ಹೊಯ್ದು ಕಳಿಸುತ್ತಿದ್ದರು. ಓಣಿಯ ನಲವತ್ತು ಜನ ಅಲ್ಲಿ ದುಡಿಯುತ್ತಿದ್ದರು, ಹೆಚ್ಚಿನವರು ಹೆಂಗಸರು. ಮುತ್ತಕ್ಕನ ಸೊಸೆಯೂ ಇದ್ದಳು. ಈಗ ಇದನ್ನು ಓದುವವರಿಗೆ ಸೀಸವೆಂದ ಕೂಡಲೇ ಅರ್ಥವಾಗುತ್ತದೆ. ನಮಗೆ ಆಗಲಿಲ್ಲ. ಆಸಿಡಿಗೆಂದು ಅವನು ಆಳದ ಗುಂಡಿ ತೋಡಿಸಿದ್ದ, ಅದು ಅಲ್ಲೇ ಇಂಗುತ್ತದೆಂದು ನಂಬಿದ್ದ. ಕಾರ್ಖಾನೆ ಅಷ್ಟು ದೊಡ್ಡದಾಗಿ ಕಣ್ಣೆದುರು ನಿಂತಿರುವಾಗ ಚಪ್ಪರದ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಇಪ್ಪತ್ತು ಕಡೆ ಪಾಚಿ ಕಟ್ಟಿದೆವು. ಕಾರ್ಖಾನೆಯ ಕೊಳವೆಯ ಬಾಯಿಗೆ ಎರಡು, ಧಕ್ಕೆಗೆ, ಸೇತುವೆಗೆ, ಪೇಟೆಯ ಚರಂಡಿಗಳಿಗೆ. ನಮ್ಮ ಓಣಿಯ ತೋಡು ಅಳಿವೆಗೆ ಸೇರುವಲ್ಲಿ ದೋಣಿ ನಿಲ್ಲಿಸಿ ಪುರಂದರನೇ, "ಇಲ್ಲೂ ಒಂದು ಕಟ್ಟುವ. ನಾಳೆ ಯಾರಾದ್ರೂ ಕೇಳಿದ್ರೆ ನಮ್ಮದನ್ನೂ ನೋಡಿದ್ದೇವೆ ಅಂತ ಹೇಳ್ಬಹುದು," ಎಂದು ಬಗ್ಗಿ ಗಂಟು ಹಾಕಿದ.

ತಿಂಗಳು ಕಳೆದ ಮೇಲೆ ಇಬ್ಬರೂ ಮತ್ತೆ ಹೊರಟೆವು. ಮೊದಲು ಕಾರ್ಖಾನೆಗೇ ಹೋದೆವು. ಕೊಳವೆಯ ಬಾಯಿಯ ಪಾಚಿ ಬಾಯಿಗಿಟ್ಟುಕೊಂಡೆ. ಸತು ಇತ್ತು, ನಾಲಗೆ ಹಿಡಿದುಕೊಳ್ಳುವಷ್ಟು ಇತ್ತು. ತಾಮ್ರ ಇತ್ತು. ಸಿಹಿ ಇರಲಿಲ್ಲ. ಎರಡನೆಯ ಗಂಟು ಬಿಚ್ಚಿದೆ, ಅದರಲ್ಲೂ ಇಲ್ಲ. ಬಾಯಿ ತೊಳೆದುಕೊಂಡು ಮತ್ತೆ ಮೊದಲನೆಯದನ್ನು ಇಟ್ಟುಕೊಂಡೆ. ಸಿಹಿಯಾಗಲಿ ಎಂದು ಬೇಡಿಕೊಂಡು ಇನ್ನೂರು ಎಣಿಸಿದೆ. ಇರಲಿಲ್ಲ.

ಈಚೆ ದಡಕ್ಕೆ ಬಂದೆವು. ಧಕ್ಕೆಯಲ್ಲಿ ಸ್ವಲ್ಪ ಸಿಹಿ. ಪೇಟೆಯ ಚರಂಡಿಯಲ್ಲಿ ಇಲ್ಲ. ಮುಂದೆ ಹೋದ ಹಾಗೆ ಹೆಚ್ಚಿತು. ನಮ್ಮ ಓಣಿಯ ತೋಡಿನ ಬಾಯಿಗೆ ಬಂದಾಗ ಪುರಂದರ ತಾನು ಹಾಕಿದ ಗಂಟು ಬಿಚ್ಚಿ ಪಾಚಿ ನನ್ನ ಕೈಗೆ ಕೊಟ್ಟ. ನಾಲಗೆ ಮೇಲಿಟ್ಟ ಕೂಡಲೇ ಬಾಯಿ ತುಂಬ ನೀರು ಬಂತು, ಬೆಲ್ಲದ ಚೂರು ಇಟ್ಟುಕೊಂಡ ಹಾಗೆ. ನಾನು ಎಣಿಸಲೇ ಇಲ್ಲ.

"ಎಂತ?" ಎಂದ.

ನಾನು ಓಣಿಯ ಕಡೆ ನೋಡಿದೆ. ಚಪ್ಪರದಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು.

ಅವನಿಗೆ ಅರ್ಥವಾಯಿತು. ದೋಣಿಯ ಅಂಚಿನ ಮೇಲೆ ಕುಳಿತುಬಿಟ್ಟ. ತುಂಬ ಹೊತ್ತು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ದೋಣಿ ತಾನಾಗಿ ನೀರಿನೊಡನೆ ತೇಲಿಹೋಗತೊಡಗಿತು.

"ಈ ಸಲದ ಮಳೆಗೆ ಗುಂಡಿ ತುಂಬಿ ಹರಿದಿರ್ಬೇಕು ಅಕ್ಕ. ನಾನು ಇದನ್ನು ಯೋಚನೆ ಮಾಡ್ಲೇ ಇಲ್ಲ."

"ನಿಲ್ಲಿಸು."

"ನಿಲ್ಲಿಸ್ತೇನೆ. ಸೇತುವೆಯಿಂದ ಮೇಲೆ ಒಂದು ಜಾಗ ಉಂಟು. ಸಿಮೆಂಟಿನ ತೊಟ್ಟಿ ಕಟ್ಟಿಸಿ ಅಲ್ಲಿಗೆ ಕೊಂಡುಹೋಗ್ತೇನೆ. ಮೂರು ತಿಂಗಳು ಬೇಕು. ಅಷ್ಟರವರೆಗೆ ನೀನು ಬಾಯಿ ಬಿಡ್ಬೇಡ."

"ಕೆಂಪು ಹಾಕಿದ್ರೆ ಆಯ್ತಲ್ಲ. ನಿನ್ನ ಹೆಸರು ಹೇಳುದಿಲ್ಲ."

"ಇನ್ನೊಂದು ಕೆಂಪು ಬಂದ್ರೆ ಮೇಲಿನ ಆಫೀಸಿನಿಂದ ಜನ ಕರೆಸಿ ಎಲ್ಲ ತೋಡು, ಎಲ್ಲ ಚರಂಡಿ ನೋಡಿಸ್ತೇನೆ ಅಂತ ಭಾಸ್ಕರಯ್ಯ ಹೇಳಿದ್ದು ನೀನು ಕೇಳ್ಲಿಲ್ವಾ? ಬಂದ ದಿನವೇ ಮುಚ್ಚಿಸ್ತಾರೆ. ನಲವತ್ತು ಮನೆ ಅಕ್ಕ. ಕಡಲೂ ಇಲ್ಲ, ಇದೂ ಇಲ್ಲ ಅಂದ್ರೆ ಅವರು ಎಲ್ಲಿಗೆ ಹೋಗುದು?"

ಧಕ್ಕೆಗೆ ಬಂದಾಗ ಭಾಸ್ಕರಯ್ಯನವರೂ ಹತ್ತಿಪ್ಪತ್ತು ಜನರೂ ಕಾಯುತ್ತಿದ್ದರು. ಕಾರ್ಖಾನೆಯಲ್ಲಿ ಸಿಕ್ಕಿತಾ ಎಂದರು. ಎಲ್ಲಿಯೂ ಸಿಗಲಿಲ್ಲ ಎಂದೆ. ಕಡಿಮೆಯಾಗಿದೆ, ಬಿಳಿ ಹಾಕಬಹುದು ಎಂದೆ. ಯಾರೋ ಒಬ್ಬ ಓಡಿ ಹೋಗಿ ಬಿಳಿ ಬಟ್ಟೆ ಏರಿಸಿದ. ಎರಡೂವರೆ ತಿಂಗಳಿನಿಂದ ಮುಖ ತಿರುಗಿಸುತ್ತಿದ್ದವರು ಆ ದಿನ ನನ್ನನ್ನು ಮನೆಯವರೆಗೆ ಬಿಟ್ಟುಹೋದರು. ಅದು ನನಗೆ ಹಿತವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಸಂಜೆಗೆ ಮುತ್ತಕ್ಕ ಬುಟ್ಟಿ ತಂದಿಟ್ಟಳು. ನಾನು ಬೇಯಿಸಿ ಬಾಗಿಲೆದುರು ಕುಳಿತೆ. ಪಚ್ಚಿಲೆಯ ಮಾಂಸ ಬಾಯಿಗೆ ಬಿದ್ದ ಕೂಡಲೇ ಸಿಹಿ. ಒಂದು ತಟ್ಟೆ ಪೂರ್ತಿ ತಿಂದೆ. ಊರಿನವರ ಬಗ್ಗೆ ಯೋಚಿಸಲಿಲ್ಲವೆಂದಲ್ಲ. ಮೂರು ತಿಂಗಳಿಗೆ ಯಾರಿಗೆ ಏನಾದೀತು ಎಂದುಕೊಂಡೆ. ಅದರ ಮಾರನೆಯ ದಿನದಿಂದ ಹೋಟೆಲುಗಳಲ್ಲಿ ಪಚ್ಚಿಲೆ ಬೇಯುವ ವಾಸನೆ ಬಂತು.

ಎರಡನೆಯ ಬಿಳಿಗೆ ಮೂರು ದಿನ ಮೊದಲು ಪ್ರಮೀಳಾ ಬಂದಳು. ಬರುತ್ತೇನೆಂದು ಹೇಳಿರಲೇ ಇಲ್ಲ. ಅವಳಿಗೆ ಆಗ ಐದು ತಿಂಗಳು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ, ಅಳಿಯ ಅವರನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದ. ಇವಳನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಚೀಲ ಇಳಿಸಿ, "ಹೆರಿಗೆ ಆಗಿಯೇ ಹೋಗುದು ಅಮ್ಮ," ಎಂದಳು. ಎರಡು ದಿನ ಇದ್ದು ಹೋಗು ಎಂದೆ. ತಮಾಷೆ ಎಂದುಕೊಂಡು ನಕ್ಕಳು.

ಅವಳನ್ನು ಬಿಳಿಯ ದಿನ ಬೇರೆ ಕಡೆ ಕಳಿಸಲು ನೋಡಿದೆ. ದೇವಸ್ಥಾನಕ್ಕೆ ಹೋಗಿ ಬಾ ಎಂದೆ, ಗೆಳತಿಯ ಮನೆಗೆ ಹೋಗಿ ಬಾ ಎಂದೆ. ಕಾಲು ಊದಿದೆ, ಎಲ್ಲಿಗೂ ಹೋಗುವುದಿಲ್ಲ ಎಂದಳು. ಮುತ್ತಕ್ಕ ಬುಟ್ಟಿ ತಂದಳು. ಅಂಗಳದಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಅಷ್ಟು ಜನ ಎಂದೂ ಇರುತ್ತಿರಲಿಲ್ಲ. ಐದು ಕೆಂಪಿನ ಮೇಲೆ ಬಿಳಿ ಇದ್ದಕ್ಕಿದ್ದಂತೆ ಬಂತಲ್ಲ ಎಂದು ಅಲ್ಲಲ್ಲಿ ಮಾತು ಆಗಿತ್ತೆಂದು ಆಮೇಲೆ ತಿಳಿಯಿತು. ನಾನು ಒಂದೇ ತಟ್ಟೆ ತಂದೆ.

"ಪ್ರಮೀಳನಿಗೆ?" ಎಂದಳು ಮುತ್ತಕ್ಕ.

"ಬಸುರಿ ಅಲ್ವಾ ಮುತ್ತಕ್ಕ. ಪಚ್ಚಿಲೆ ಉಷ್ಣ."

"ಉಷ್ಣವಾ? ನಿನ್ನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಿನ್ನಮ್ಮ ದಿನಾ ತಿಂದದ್ದು. ನಾನೇ ತಂದುಕೊಟ್ಟಿದ್ದೇನೆ."

ಅಂಗಳದಲ್ಲಿ ಯಾರೋ, ಅದು ಯಾರೆಂದು ನನಗೆ ಈಗಲೂ ಗೊತ್ತಿಲ್ಲ, "ಮಗಳು ಯಾಕೆ ತಿನ್ನುದಿಲ್ಲ?" ಎಂದು ಮೆಲ್ಲಗೆ ಕೇಳಿದರು. ಬೇಲಿಯ ಹತ್ತಿರ ಪುರಂದರ ನಿಂತಿದ್ದ. ಅವನು ನೆಲ ನೋಡುತ್ತಿದ್ದ.

"ಕೊಡಮ್ಮ, ನಂಗೆ ಆಸೆಯೇ ಆಗಿದೆ," ಎಂದು ಪ್ರಮೀಳಾ ಗೋಡೆ ಹಿಡಿದು ಕುಳಿತಳು. ನಾನು ಒಳಗೆ ಹೋಗಿ ಇನ್ನೊಂದು ತಟ್ಟೆಗೆ ನಾಲ್ಕೇ ನಾಲ್ಕು ಹಾಕಿ ತಂದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು.

"ಅಮ್ಮ, ಸಿಹಿ ಉಂಟಲ್ಲ?"

ಅವಳಿಗೂ ನಾಲಗೆ ಇದೆಯೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಮುತ್ತಕ್ಕ ನಕ್ಕಳು. "ಬಸುರಿ ಬಾಯಿಗೆ ಎಲ್ಲ ಸಿಹಿಯೇ," ಎಂದಳು. ಅಂಗಳದಲ್ಲಿ ಒಂದಿಬ್ಬರು ನಕ್ಕರು. ಪ್ರಮೀಳಾ ನಗಲಿಲ್ಲ. ಕೆನ್ನೆಯ ಒಳಗೆ ತುತ್ತು ಹಾಗೆಯೇ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ತಿನ್ನು," ಎಂದೆ.

ಅವಳು ನುಂಗಿದಳು. ಉಳಿದ ಮೂರನ್ನೂ ತಿಂದಳು. ಜನ ಸಮಾಧಾನದಿಂದ ಚದುರಿದರು.

ಆಮೇಲೆ ಅವಳಿಗೆ ಮನೆಯಲ್ಲಿ ನಾನು ಅಳಿವೆಯದ್ದು ಏನನ್ನೂ ಬೇಯಿಸಿ ಕೊಡಲಿಲ್ಲ. ಆದರೆ ಬಸುರಿ ಹುಡುಗಿ ಓಣಿಗೆ ಬಂದಿದ್ದಾಳೆಂದರೆ ಪ್ರತಿ ಮನೆಯಿಂದಲೂ ಬಟ್ಟಲು ಬರುತ್ತಿತ್ತು. ಪಚ್ಚಿಲೆ ಗಸಿ, ಮರುವಾಯಿ ಪುಂಡಿ, ಮೀನಿನ ಸಾರು. ನಾನು ಹಿಂದಿನ ಬಾಗಿಲಿನಿಂದ ಚೆಲ್ಲುತ್ತಿದ್ದೆ, ಕಂಡವರು ಬೇಜಾರು ಮಾಡಿಕೊಂಡರು. ನಾನು ಇಲ್ಲದಾಗ ಅವಳು ತಿಂದಳು. ಬಿಳಿಯ ದಿನ ಬಾಗಿಲೆದುರು ತಿಂದಳು. ಸಿಹಿ ಎಂದು ಮತ್ತೆ ಒಮ್ಮೆಯೂ ಹೇಳಲಿಲ್ಲ.

ಪುರಂದರನ ಮೂರು ತಿಂಗಳು ಮುಗಿದವು. ತೊಟ್ಟಿಯ ಒಂದು ಗೋಡೆ ಎದ್ದಿತ್ತು. ಬೈಯಲು ಹೋದರೆ ಅವನು ಚಪ್ಪರದ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಕೆಲಸದ ಹೆಂಗಸೊಬ್ಬಳು ನೀರು ಕುಡಿಸುತ್ತಿದ್ದಳು. ಅವಳ ವಸಡಿನ ಅಂಚಿನಲ್ಲಿ ಶಾಯಿಯಿಂದ ಗೆರೆ ಎಳೆದ ಹಾಗೆ ಸೀಸದ ನೀಲಿ ಗೀಟು ಕಂಡಿತು. ನಾನು ಮನೆಗೆ ಬಂದೆ. ಮುಂದಿನ ಅಮಾವಾಸ್ಯೆಗೂ ಬಿಳಿ ಹೇಳಿದೆ. ಯಾಕೆ ಹೇಳಿದೆ ಎಂದರೆ, ಆರು ಬಿಳಿ ಹೇಳಿದವಳು ಏಳನೆಯದಕ್ಕೆ ಕೆಂಪು ಹೇಳಿದರೆ ಹಿಂದಿನ ಆರನ್ನೂ ಜನ ಕೇಳುತ್ತಾರೆ.

ಪ್ರಮೀಳೆಗೆ ಎಂಟನೆಯ ತಿಂಗಳಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಒಂದೂವರೆ ಕೆಜಿ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬದುಕಿತು. ಮೇದಿನಿ ಎಂದು ಹೆಸರಿಟ್ಟರು. ಮಗು ಅಳುತ್ತಿರಲಿಲ್ಲ, ಮೊದಲು ಅದನ್ನು ಒಳ್ಳೆಯ ಮಗು ಎಂದರು. ನಾಲ್ಕನೆಯ ತಿಂಗಳಲ್ಲಿ ಕೊರಳು ನಿಲ್ಲಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕಣ್ಣೆದುರು ಬೆರಳು ಆಡಿಸಿದರೆ ಆಚೆ ಎಲ್ಲೋ ನೋಡುತ್ತಿತ್ತು. ಡಾಕ್ಟರು ರಕ್ತ ತೆಗೆದು ಎಲ್ಲೆಲ್ಲಿಗೋ ಕಳಿಸಿದರು. ರಕ್ತದಲ್ಲಿ ಸೀಸ ಹೆಚ್ಚು ಇದೆ, ಆದರೆ ಇದಕ್ಕೆಲ್ಲ ಅದೇ ಕಾರಣ ಅಂತ ಖಡಾಖಂಡಿತ ಹೇಳಲಿಕ್ಕೆ ಬರುವುದಿಲ್ಲ, ತಿಂಗಳು ತುಂಬದೆ ಹುಟ್ಟಿದ್ದೂ ಇರಬಹುದು ಎಂದರು. ಪ್ರಮೀಳಾ ಸೀಸವೆಂಬ ಮಾತು ಕೇಳಿ ನನ್ನ ಕಡೆ ತಿರುಗಿದಳು. ನಾನು ಮಗುವಿನ ಟೊಪ್ಪಿ ಸರಿಮಾಡುತ್ತಿದ್ದೆ.

ಆ ವಾರ ನಾನು ಧಕ್ಕೆಗೆ ಹೋಗಿ ಬಿಳಿ ಬಟ್ಟೆಯನ್ನು ನನ್ನ ಕೈಯಿಂದಲೇ ಇಳಿಸಿದೆ. ಸಮಿತಿ ಸೇರಿಸಿ ಎಂದೆ. ಧಕ್ಕೆಯ ಹರಾಜು ಕಟ್ಟೆಯ ಮೇಲೆ ಹಾಡುಹಗಲೇ ಊರಿಗೆ ಊರೇ ಸೇರಿತು. ನಾನು ಎಲ್ಲ ಹೇಳಿದೆ. ಪಾಚಿಯ ಗಂಟುಗಳು, ಕಾರ್ಖಾನೆ ಅಲ್ಲದ್ದು, ನಮ್ಮ ಓಣಿಯ ತೋಡು, ಚಪ್ಪರ, ಹತ್ತು ತಿಂಗಳ ಸುಳ್ಳು ಬಿಳಿಗಳು. ಸೀಸ ಸಿಹಿ ಎನ್ನುವುದನ್ನೂ ಹೇಳಿದೆ. ಕಲ್ಲು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಬೇಕಿತ್ತು.

ಮುತ್ತಕ್ಕ ಎದ್ದು ನಿಂತಳು. ಅವಳ ಸ್ವರ ಗಟ್ಟಿಯಾಗಿರಲಿಲ್ಲ. "ನನ್ನ ಸೊಸೆ ಚಪ್ಪರದಲ್ಲಿ ದುಡಿತಾಳೆ. ಇಬ್ಬರು ಮೊಮ್ಮಕ್ಕಳು ಒಂದು ವರ್ಷದಿಂದ ನಾನು ತಂದ ಪಚ್ಚಿಲೆ ತಿಂದಿದ್ದಾರೆ. ಶಾಲೆಗೆ ಹೋಗ್ತಾರೆ, ಆಡ್ತಾರೆ. ಅವರಿಗೆ ಏನೂ ಆಗ್ಲಿಲ್ಲ. ಈಗ ಆಗಿದೆ ಅಂತ ನೀನು ಹೇಳಿದ್ರೆ ನಾನು ಎಂತ ಮಾಡುದು ಗುಲಾಬಿ? ಎಲ್ಲಿಗೆ ಕರ್ಕೊಂಡು ಹೋಗುದು?"

ಅವಳು ಕುಳಿತುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಒಬ್ಬೊಬ್ಬರೇ ಮಾತಾಡಿದರು. ಮೊಮ್ಮಗಳನ್ನು ನೋಡಿ ಅವಳ ತಲೆಗೆ ಹತ್ತಿದೆ ಎಂದರು. ವಯಸ್ಸಾಯಿತು, ನಾಲಗೆ ಕೆಟ್ಟಿದೆ ಎಂದರು. ಯಾರೂ ಬೈಯಲಿಲ್ಲ. ಭಾಸ್ಕರಯ್ಯ ನನಗೆ ಕುರ್ಚಿ ತರಿಸಿ, "ಗುಲಾಬಿಯಕ್ಕ, ನೀವು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ. ಇನ್ನು ಮೇಲೆ ಆಫೀಸಿನವರೇ ಬಂದು ನೋಡ್ತಾರೆ. ನಿಮಗೂ ಈ ಭಾರ ಬೇಡ," ಎಂದರು.

ಆಫೀಸಿನವರು ಬಂದರು. ಅಳಿವೆಯ ನಡುವಿನಿಂದ ಒಂದು ಬಾಟಲಿ ನೀರು ತುಂಬಿಸಿಕೊಂಡರು. ನಾನು ತೋಡಿನ ಬಾಯಿಯಿಂದ ಕಿತ್ತ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಆಫೀಸಿಗೆ ಕೊಂಡುಹೋದೆ. ಇದನ್ನು ನೋಡಿ, ನೀರಿನಲ್ಲಿ ಏನೂ ಸಿಗುವುದಿಲ್ಲ ಎಂದೆ. ಗುಮಾಸ್ತ ಒಳ್ಳೆಯವನೇ, ನನ್ನ ಮಾತು ಪೂರ್ತಿ ಕೇಳಿದ. "ಪಾಚಿಗೆ ನಮ್ಮಲ್ಲಿ ಫಾರಂ ಇಲ್ಲಮ್ಮ," ಎಂದ. ಹತ್ತು ದಿನಕ್ಕೆ ಕಾಗದ ಬಂತು. ನೀರು ಸರಿಯಾಗಿದೆ ಎಂದಿತ್ತು. ಧಕ್ಕೆಯ ಕಂಬಕ್ಕೆ ಬಿಳಿ ತಗಡಿನ ಹಲಗೆ ಮೊಳೆ ಹೊಡೆದು ಕೂರಿಸಿದರು. ನನ್ನ ಮನೆಯಲ್ಲಿ ಮೊದಲು ತಿನ್ನುವ ಕ್ರಮ ಅಲ್ಲಿಗೆ ನಿಂತಿತು. ಊರು ಈಗಲೂ ತಿನ್ನುತ್ತಿದೆ.

ಸಭೆಯ ಮಾರನೆಯ ದಿನವೇ ಪ್ರಮೀಳಾ ಬಟ್ಟೆ ಜೋಡಿಸಿಕೊಂಡಿದ್ದಳು. ಅಳಿಯ ಬಂದು ಮಗುವನ್ನು ಎತ್ತಿಕೊಂಡ. ಅವಳು ನನ್ನೊಡನೆ ಜಗಳವಾಡಲಿಲ್ಲ. ನೀರಿನ ಬಾಟಲಿ ತುಂಬಿಸಿ ಕೊಡಲು ಹೋದರೆ ಬೇಡ, ದಾರಿಯಲ್ಲಿ ತೆಗೆದುಕೊಳ್ಳುತ್ತೇವೆ ಎಂದಳು.

ಪುರಂದರ ಚಪ್ಪರವನ್ನು ಸೇತುವೆಯಿಂದ ಮೇಲಿನ ಆ ಜಾಗಕ್ಕೆ ಕೊಂಡುಹೋದ. ಅಲ್ಲಿಂದ ಅದೇ ನೀರಿಗೆ ಹರಿಯುತ್ತದೆ, ತೊಟ್ಟಿಯ ನಾಲ್ಕನೆಯ ಗೋಡೆ ಏಳಲೇ ಇಲ್ಲ. ಒಂದು ವರ್ಷದಲ್ಲಿ ಅವನ ಎರಡೂ ಮುಂಗೈ ಮಣಿಕಟ್ಟಿನಿಂದ ಜೋತುಬಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಮಧ್ಯಾಹ್ನ ನನ್ನ ಜಗಲಿಗೆ ಬಂದು ಕುಳಿತುಕೊಳ್ಳುತ್ತಿದ್ದ. ನಾನು ಅನ್ನ ಕಲಸಿ ತಿನ್ನಿಸುತ್ತಿದ್ದೆ. ಎರಡನೆಯ ವರ್ಷದ ಬೇಸಗೆಯಲ್ಲಿ ಸತ್ತ. ಚಪ್ಪರವನ್ನು ಈಗ ಬೇರೆಯವರು ನಡೆಸುತ್ತಾರೆ, ಎಪ್ಪತ್ತು ಜನ ದುಡಿಯುತ್ತಾರಂತೆ.

ಮೂರೂವರೆ ವರ್ಷ ಪ್ರಮೀಳಾ ಕರೆಯಲಿಲ್ಲ. ನಾನು ಬರಲಾ ಎಂದು ಕೇಳಿದಾಗಲೆಲ್ಲ ಸದ್ಯ ಬೇಡ ಎನ್ನುತ್ತಿದ್ದಳು. ಮೊನ್ನೆ ಒಂದು ಸಲ ಕೇಳದೆಯೇ ಹೋದೆ. ಏಳು ತಾಸು ಬಸ್ಸು. ಹನ್ನೆರಡೂವರೆಗೆ ತಲುಪಿದೆ. ಬಾಗಿಲು ತೆರೆದವಳು ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ದಾರಿ ಬಿಟ್ಟಳು. ತೆಳ್ಳಗಾಗಿದ್ದಳು, ಕಿವಿಯ ಹತ್ತಿರ ಕೂದಲು ನರೆತಿತ್ತು.

ಮೇದಿನಿ ಚಾಪೆಯ ಮೇಲೆ ದಿಂಬುಗಳ ನಡುವೆ ಕುಳಿತಿದ್ದಳು. ನಡೆಯುವುದಿಲ್ಲ. ಮಾತಿಲ್ಲ. ಕೈಯಲ್ಲಿ ಒಂದು ಸ್ಟೀಲಿನ ಚಮಚ ಹಿಡಿದು ಅದನ್ನು ಕಣ್ಣಿನ ಹತ್ತಿರ ತಿರುಗಿಸುತ್ತಿದ್ದಳು. ನಾನು ಎದುರು ಕುಳಿತೆ. ಅವಳು ನನ್ನ ಮೂಲಕ ಗೋಡೆ ನೋಡಿದಳು. ಮುಖ ನನ್ನ ಅಮ್ಮನದ್ದೇ.

ಪ್ರಮೀಳಾ ಊಟ ಹಾಕಿದಳು. ಅನ್ನ, ಹುರುಳಿ ಸಾರು, ಬೀನ್ಸ್ ಪಲ್ಯ. ನಾನು ತಿನ್ನುವುದನ್ನು ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದಳು. ಸಾರು ಸಾಕಾ ಎಂದು ಎರಡು ಸಲ ಕೇಳಿದಳು. ಆಮೇಲೆ ಮಗುವಿಗೆ ಅನ್ನ ಹಿಸುಕಿ ತಿನ್ನಿಸಲು ಕುಳಿತಳು. ಒಂದು ತುತ್ತಿಗೆ ತುಂಬ ಹೊತ್ತು ಬೇಕು. ಗಂಟಲು ಸವರಿ ನುಂಗಿಸಬೇಕು. ಅರ್ಧ ಹೊರಗೆ ಬರುತ್ತದೆ. ನಾನು ಕೊಡುತ್ತೇನೆ ಎಂದು ಕೈ ಚಾಚಿದೆ. ಅವಳು ಬಟ್ಟಲನ್ನು ಆಚೆ ಬದಿಗೆ ಇಟ್ಟುಕೊಂಡಳು.

"ಅಜ್ಜಿ ನಂಗೆ ಹೇಳಿದ್ಲು," ಎಂದಳು. ನನ್ನ ಕಡೆ ನೋಡದೆ, ಮಗುವಿನ ಗಲ್ಲ ಒರೆಸುತ್ತಾ. "ಸೀಸ ಸಿಹಿ ಅಂತ. ನಾನು ಆರನೆಯ ಕ್ಲಾಸಿನಲ್ಲಿರುವಾಗ. ಬಾಯಿಗೆ ಪಾಚಿಯೂ ಇಟ್ಟಿದ್ಲು, ಒಂದೆರಡು ಸಲ. ನಿನ್ನತ್ರ ಹೇಳ್ಬೇಡ ಅಂದಿದ್ಲು."

ನಾನು ಎಂಜಲು ಕೈಯಲ್ಲೇ ಕುಳಿತಿದ್ದೆ.

"ಅವತ್ತು ಬಾಯಿಗೆ ಹಾಕಿದ ಕೂಡಲೇ ಗೊತ್ತಾಯ್ತು. ಅದಕ್ಕೇ ಕೇಳಿದ್ದು ನಿನ್ನತ್ರ. ಅಷ್ಟು ಜನ ಇದ್ರಲ್ಲ, ಬೇರೆ ಹೇಗೆ ಕೇಳುದು? ನೀನು ತಿನ್ನು ಅಂದೆ." ಅವಳು ಇನ್ನೊಂದು ತುತ್ತು ಕಲಸಿದಳು. "ಅಮ್ಮ ಹೇಳಿದ್ದಾಳೆ ಅಂದ್ರೆ ನನ್ನ ನಾಲಗೆಯೇ ತಪ್ಪು ಅಂದ್ಕೊಂಡೆ. ಆಮೇಲೆ ಯಾರು ಏನು ತಂದುಕೊಟ್ರೂ ಅದೇ ಅಂದ್ಕೊಂಡು ತಿಂದೆ."

ಮೇದಿನಿಯ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಅವಳು ತಿರುಗಲಿಲ್ಲ. ಪ್ರಮೀಳಾ ಅದನ್ನು ಎತ್ತಿ ತೊಳೆದು ಮತ್ತೆ ಅವಳ ಬೆರಳುಗಳ ನಡುವೆ ಇಟ್ಟಳು.

ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಗೇಟಿನವರೆಗೆ ಬಂದಳು. ಮತ್ತೆ ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೈ ಮಾಡಿ ತೋರಿಸಿ, ಮಗು ಒಬ್ಬಳೇ ಇದ್ದಾಳೆ ಎಂದು ಒಳಗೆ ಹೋದಳು.